ಎಲೆ ತೋಟದವನ ವಿಷ್ಣುಕ್ರಾಂತಿ

"ಬುದ್ಧಿ, ಒಬ್ಬರಿಗೆ ಎಷ್ಟು ವರ್ಷ ಒಳ್ಳೆಯದು ಮಾಡಿದ ಮೇಲೆ ಇನ್ನು ಸಾಕು ಅನ್ನಬಹುದು?" ಎಂದು ಗುರುಸಿದ್ದಯ್ಯ ಮಠದ ಗುರುಗಳನ್ನು ಕೇಳಿದ.

ಗುರುಸಿದ್ದಯ್ಯ ಆ ಸಣ್ಣ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಸಂಸಾರಸ್ಥ. ಬೆಳಗಾಗುವ ಮೊದಲೇ ಮಠಕ್ಕೆ ಬಂದರೆ ಸಂಜೆಯ ಮಂಗಳಾರತಿ ಮುಗಿಸಿ ಮನೆಗೆ ಹೋಗುವವನು. ಇದೇ ಪ್ರಶ್ನೆಯನ್ನು ಅವನು ಆ ವರ್ಷ ಮೂರನೆಯ ಸಲ ಕೇಳುತ್ತಿದ್ದ. ಯಾರ ವಿಷಯವೆಂದು ಗುರುಗಳಿಗೆ ಗೊತ್ತಿತ್ತು. ಆದರೂ ಕೇಳಿದರು.

"ಯಾರ ವಿಷಯ?"

"ನನ್ನ ಹೆಂಡತಿಯ ವಿಷಯ, ಬುದ್ಧಿ. ಮದುವೆಯಾಗಿ ಆರು ವರ್ಷವಾಯಿತು. ಉಡಲು ತೊಡಲು ಕಡಿಮೆ ಮಾಡಿಲ್ಲ. ಬಾವಿಗೆ ಹೋಗಿ ನೀರು ಸೇದುವ ಕಷ್ಟ ಬೇಡವೆಂದು ಆಳು ಇಟ್ಟಿದ್ದೇನೆ. ಒಂದು ದಿನ ಕೈ ಎತ್ತಿದವನಲ್ಲ. ಈ ಆರು ವರ್ಷದಲ್ಲಿ ಅವಳು ಒಂದು ಸಲ ನಕ್ಕದ್ದನ್ನು ನಾನು ನೋಡಿಲ್ಲ. ದಿನಾ ಮನೆಗೆ ಹೋದವನೇ ಅವಳ ಮುಖ ನೋಡುತ್ತೇನೆ. ಯಾಕೆ ನಗುವುದಿಲ್ಲ ಎಂದು ಕೇಳುತ್ತೇನೆ. ಅವಳು ತಲೆ ಬಗ್ಗಿಸಿಕೊಂಡು ತಟ್ಟೆ ಇಡುತ್ತಾಳೆ. ನನಗೆ ಸಾಕಾಗಿ ಹೋಗಿದೆ. ಸೋಮವಾರ ಬಂದು ಕರೆದುಕೊಂಡು ಹೋಗಲಿ ಎಂದು ಅವಳ ಅಣ್ಣನಿಗೆ ಹೇಳಿ ಕಳಿಸುತ್ತೇನೆ. ಇನ್ನು ತವರಿನಲ್ಲೇ ಇರಲಿ. ತಾವು ಹೂಂ ಅಂದರೆ ಇವತ್ತೇ ಆಳು ಹೊರಡುತ್ತಾನೆ."

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟರು.

"ಹೂಂ ಅನ್ನುವುದು ಆಮೇಲಾಯಿತು. ಮೊದಲು ಕೂತುಕೋ. ಒಬ್ಬ ಎಲೆ ತೋಟದವನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಅವನ ನೆನಪಾದರೇ ನನಗೆ ಸಿಟ್ಟು ಬರುತ್ತದೆ, ಅದರ ಮೇಲೆ ನೀನೂ ಸೇರಬೇಡ," ಎಂದು ಹೇಳತೊಡಗಿದರು.

ಹೊಳೆದಂಡೆಯ ಒಂದು ಊರಿನಲ್ಲಿ ಒಬ್ಬ ಎಲೆ ತೋಟದವನಿದ್ದ. ವೀಳ್ಯದೆಲೆ ಬೆಳೆಯುವುದರಲ್ಲಿ ಸುತ್ತಲ ಹತ್ತೂರಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಲೆಬಳ್ಳಿ ಬಹಳ ಸುಕುಮಾರದ್ದು. ಅದಕ್ಕೆ ನೆರಳು ಬೇಕು, ಎರಡು ಹೊತ್ತು ನೀರು ಬೇಕು, ಗೊಬ್ಬರ ಬೇಕು. ಒಂದು ಗೇಣು ಬೆಳೆಯಿತೆಂದರೆ ಆಸರೆಯ ಮರಕ್ಕೆ ಬಾಳೆನಾರಿನಿಂದ ಕಟ್ಟಬೇಕು. ಮೆಟ್ಟು ಹಾಕಿಕೊಂಡು ಯಾರೂ ತೋಟದೊಳಗೆ ಕಾಲಿಡುವಂತಿಲ್ಲ. ಇಷ್ಟೆಲ್ಲ ಅವನು ಕಣ್ಣಲ್ಲಿ ಕಣ್ಣಿಟ್ಟು ಮಾಡುತ್ತಿದ್ದ. ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಹಬ್ಬದ ದಿನ ಎಲೆಗೆ ಬೇಡಿಕೆ ಹೆಚ್ಚು. ಆದ್ದರಿಂದ ಹಬ್ಬದ ದಿನವೂ ಅವನು ಮನೆಯಲ್ಲಿರುತ್ತಿರಲಿಲ್ಲ. ಮನೆಯಲ್ಲಿ ಅವನ ತಾಯಿ, ಹೆಂಡತಿ, ಇಬ್ಬರೇ.

ತಾಯಿಯ ಕಣ್ಣು ಮಂಜಾಗುತ್ತ ಬಂದಿತ್ತು. ಪಂಡಿತರು ನೋಡಿ, "ಇನ್ನು ಮೂರು ನಾಲ್ಕು ವರ್ಷ ಕಾಣಬಹುದು, ಆಮೇಲೆ ನನ್ನ ಕೈಲಿಲ್ಲ," ಎಂದರು. ಮಗ ಎಲೆ ತೋಟವನ್ನೇ ಮಾರಿ ಔಷಧಿ ಮಾಡಿಸುತ್ತೇನೆಂದ. ಇದಕ್ಕೆ ಔಷಧಿ ಇಲ್ಲ ಎಂದರು. ಆಗ ಅವನು ತಾಯಿಯನ್ನು ಕೇಳಿದ, ಕಣ್ಣು ಇರುವಾಗಲೇ ಏನು ನೋಡಬೇಕು ಹೇಳು, ಯಾವ ಕ್ಷೇತ್ರಕ್ಕಾದರೂ ಕರೆದುಕೊಂಡು ಹೋಗುತ್ತೇನೆ ಎಂದು. ತಾಯಿ ಯಾವ ಕ್ಷೇತ್ರದ ಹೆಸರನ್ನೂ ಹೇಳಲಿಲ್ಲ. ತನ್ನ ತವರಿನ ಕಲ್ಲುಗುಡ್ಡದ ವಿಷ್ಣುಕ್ರಾಂತಿ ಹೂವನ್ನು ಇನ್ನೊಮ್ಮೆ ನೋಡಬೇಕು ಎಂದಳು.

ವಿಷ್ಣುಕ್ರಾಂತಿ ನೀನು ನೋಡಿರಬಹುದು. ನೋಡಿಯೂ ತುಳಿದುಕೊಂಡು ಹೋಗಿರಬಹುದು. ನೆಲ ಬಿಟ್ಟು ಮೇಲೇಳದ ಗಿಡ. ದಾರ ಹರಡಿದಂತೆ ನಾಲ್ಕು ಕಡೆ ಹಬ್ಬುತ್ತದೆ. ಒಂದು ಸಲ ಬೇರು ಬಿಟ್ಟರೆ ವರ್ಷಾನುಗಟ್ಟಲೆ ಇರುತ್ತದೆ. ಹೂವು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ತಿಳಿನೀಲಿ. ಆಕೆ ಹುಡುಗಿಯಾಗಿದ್ದಾಗ ಆ ಗುಡ್ಡದ ಮೇಲೆ ಕುರಿ ಮೇಯಿಸುತ್ತ ಅದರ ನಡುವೆಯೇ ಬೆಳೆದವಳು. ಈಗ ಮೊಣಕಾಲು ಹಿಡಿದಿತ್ತು, ಗುಡ್ಡ ಹತ್ತುವ ಮಾತೇ ಇರಲಿಲ್ಲ. ಹೊಳೆದಂಡೆಯ ಕಪ್ಪು ಮಣ್ಣಿನಲ್ಲಿ ಆ ಗಿಡ ಎಲ್ಲೂ ಇರಲಿಲ್ಲ.

ಮಗ ಎರಡು ದಿನ ಗಾಡಿ ಹೊಡೆದುಕೊಂಡು ಹೋದ. ಗುಡ್ಡ ಹತ್ತಿ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ, ಬಾಳೆಪಟ್ಟೆಯಲ್ಲಿ ಸುತ್ತಿ ತಂದ. ಇಲ್ಲಿಯವರೆಗೆ ಅವನ ಮೇಲೆ ನನಗೆ ಏನೂ ಸಿಟ್ಟಿಲ್ಲ. ತಾಯಿಗಾಗಿ ಅಷ್ಟು ದೂರ ಹೋಗುವ ಮಕ್ಕಳು ಎಷ್ಟು ಜನ ಇದ್ದಾರೆ? ಒಳ್ಳೆಯ ಮಗ. ಅದನ್ನು ಮರೆಯಬೇಡ.

ಹಿತ್ತಲಿನಲ್ಲಿ ಅವನು ಗುಂಡಿ ತೋಡುವಾಗ ತಾಯಿ ಬಂದು ಹೇಳಿದಳು.

"ಮಗಾ, ಆ ಮೂಲೇಲಿ ಕಲ್ಲು ಮರಳು ಇರೋ ಕಡೀಕೆ ಇಟ್ಬುಡು. ನೀರು ಹುಯ್ಯಬ್ಯಾಡ. ಬಿಸ್ಲು ಬೀಳ್ಲಿ. ಅದರ ಪಾಡಿಗೆ ಅದು ಬೆಳೀತದೆ."

"ಅವ್ವಾ, ನೀನು ಆ ಹೂವ ಕಿತ್ತೋಳು, ಬೆಳ್ಸಿದೋಳಲ್ಲ. ಗಿಡದ ಇಚಾರ ನಂಗ್ ಬುಡು," ಎಂದ ಮಗ.

ನನ್ನ ಸಿಟ್ಟು ಶುರುವಾಗುವುದು ಇಲ್ಲಿಂದ. ಅವನು ಗುಂಡಿಗೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ತುಂಬಿದ. ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಸುರಿದ. ಗಿಡ ನೆಲದ ಮೇಲೆ ಮಲಗಿರುವುದನ್ನು ನೋಡಿ, ಪಾಪ, ಆಸರೆ ಇಲ್ಲ ಎಂದುಕೊಂಡ. ಒಂದು ಕೋಲು ನೆಟ್ಟು, ಆ ದಾರದಂಥ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಬಾಳೆನಾರಿನಿಂದ ಕಟ್ಟಿದ. ಹುಟ್ಟಿದಾರಭ್ಯ ನೆಲಕ್ಕೆ ಅಂಟಿಕೊಂಡು ಬಾಳುವ ಗಿಡವನ್ನು ಹಿಡಿದು ನಿಲ್ಲಿಸಿ ಕಟ್ಟಿದ ಮಹಾನುಭಾವ ಲೋಕದಲ್ಲಿ ಅವನೊಬ್ಬನೇ ಇರಬೇಕು. ಒಂದು ತಿಂಗಳಿಗೆ ಗಿಡ ಬೇರಿನಿಂದ ಕೊಳೆತು ಹೋಯಿತು.

ಅವನು ಮತ್ತೆ ಗಾಡಿ ಕಟ್ಟಿದ. ಮತ್ತೆ ಎರಡು ದಿನ ಹೋಗಿ, ಎರಡು ದಿನ ಬಂದ. ಇನ್ನೊಂದು ಗಿಡ ತಂದ. ಈ ಸಲ ಎರಡು ಮಂಕರಿಯ ಬದಲು ಮೂರು ಮಂಕರಿ ಗೊಬ್ಬರ ಹಾಕಿದ. ಮೊದಲನೆಯದು ಹಸಿದು ಸತ್ತಿತು ಎಂಬುದು ಅವನ ತೀರ್ಮಾನ. ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಕಣ್ಣಿನಲ್ಲೇ ಬೇಡ ಎಂದಳು.

ಆಮೇಲೆ ಆ ಇಬ್ಬರು ಹೆಂಗಸರು ತಮಗೆ ತಿಳಿದದ್ದನ್ನು ಮಾಡಿದರು. ಅವನು ತೋಟಕ್ಕೆ ಹೋದ ಮೇಲೆ ಸೊಸೆ ಗುಂಡಿಯ ಗೊಬ್ಬರವನ್ನೆಲ್ಲ ಎತ್ತಿ ಬಾಳೆಯ ಬುಡಕ್ಕೆ ಹಾಕಿದಳು. ಗುಂಡಿಗೆ ಹೆಂಚಿನ ಚೂರು, ಮರಳು ತುಂಬಿ ಗಿಡ ಇಟ್ಟಳು. ಅವನ ಕಣ್ಣಿಗೆ ಕಾಣಲಿ ಎಂದು ಮೇಲೆ ತೆಳ್ಳಗೆ ಗೊಬ್ಬರದ ಪುಡಿ ಉದುರಿಸಿದಳು. ದಿನಾ ಬೆಳಿಗ್ಗೆ ಚಪ್ಪರದ ಗರಿ ಸರಿಸುವಳು, ಬಾಳೆನಾರಿನ ಕಟ್ಟು ಬಿಚ್ಚುವಳು. ಸಂಜೆ ಅವನು ಬರುವ ಮುಂಚೆ ಗರಿ ಮುಚ್ಚಿ, ಕಡ್ಡಿಗಳನ್ನು ಎತ್ತಿ ಕಟ್ಟುವಳು. ನೀರು ನಾನೇ ಹಾಕುತ್ತೇನೆ ಎಂದು ಗಂಡನ ಕೈಯಿಂದ ಕೊಡ ತೆಗೆದುಕೊಂಡಳು. ಆ ನೀರೂ ಬಾಳೆಗೇ ಹೋಯಿತು. ಆ ವರ್ಷ ಅವರ ಮನೆಯ ಬಾಳೆಗೊನೆ ಇಬ್ಬರು ಹೊತ್ತರೂ ಏಳುತ್ತಿರಲಿಲ್ಲವಂತೆ.

ಸೊಸೆ ಮಾಡಿದ್ದು ಮೋಸವೇ ಎಂದು ನೀನು ಕೇಳಬಹುದು. ಒಬ್ಬ ಮನುಷ್ಯನ ಒಳ್ಳೆಯತನದಿಂದ ಒಂದು ಗಿಡವನ್ನು ಪಾರು ಮಾಡಲು ಮನೆಮಂದಿ ಹೀಗೆ ಕದ್ದು ಮುಚ್ಚಿ ಒದ್ದಾಡಬೇಕಾಯಿತಲ್ಲ, ಅದನ್ನು ಕೇಳು ಮೊದಲು.

ಎರಡು ತಿಂಗಳಿಗೆ ಗಿಡ ಬೇರೂರಿತು. ಒಂದು ಬೆಳಿಗ್ಗೆ ನಾಲ್ಕು ಹೂವು ಬಿಟ್ಟಿತು. ತಾಯಿ ಚಾಪೆ ಹಾಕಿಕೊಂಡು ಅದರ ಮುಂದೆ ಕೂತಳು. ಮುಖ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದಳು. ಬಿಸಿಲು ಏರುವವರೆಗೂ ಅಲ್ಲಿಂದ ಏಳಲಿಲ್ಲ. ಮಧ್ಯಾಹ್ನಕ್ಕೆ ಹೂವು ಮುದುಡಿತು. ವಿಷ್ಣುಕ್ರಾಂತಿಯ ಗುಣವೇ ಅದು. ಸೂರ್ಯ ಏರುವಾಗ ಅರಳುತ್ತದೆ, ನೆತ್ತಿಗೆ ಬರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಮೇಲೆ ಅಲ್ಲಿ ಹೂವಿತ್ತು ಎಂದು ಹೇಳುವ ಗುರುತೇ ಇರುವುದಿಲ್ಲ.

ಅವತ್ತು ಸಂಜೆ ಗಂಡ ಅಂಗಳಕ್ಕೆ ಕಾಲಿಡುತ್ತಲೇ ಹೆಂಡತಿ ಓಡಿ ಬಂದಳು.

"ಏನೂಂದ್ರೆ, ಗಿಡ ಹೂವ ಬುಟ್ತು! ಬೆಳಿಗ್ಗೆ ನಾಕು ಹೂವ!"

ಅವನು ಕೈಕಾಲು ಕೂಡ ತೊಳೆಯದೆ ದೀಪ ಹಿಡಿದುಕೊಂಡು ಹಿತ್ತಲಿಗೆ ಓಡಿದ. ಮಂಡಿಯೂರಿ ಒಂದೊಂದೇ ಎಲೆ ಎತ್ತಿ ನೋಡಿದ. ಹಸಿರು ಬಿಟ್ಟು ಬೇರೆ ಏನೂ ಕಾಣಲಿಲ್ಲ.

"ಎಲ್ಲಿ?"

"ಬೆಳಿಗ್ಗೆ ಇತ್ತು ಕಣ್ರೀ. ಮದ್ಯಾನಕ್ಕೆ ಮುಚ್ಕತು."

"ನಾನೇನು ಹಾಲು ಕುಡಿಯೋ ಮಗುವಾ? ಸಮಾದಾನ ಮಾಡಾಕೆ ಬಂದವ್ಳೆ," ಎಂದು ಅವನು ರೇಗಿದ. ದೀಪವನ್ನು ಅಲ್ಲೇ ನೆಲಕ್ಕೆ ಕುಕ್ಕಿ ಎದ್ದು ಹೋದ.

ಮೂರು ದಿನ ಅವನು ಮನೆಯಲ್ಲಿ ಊಟ ಮಾಡಲಿಲ್ಲ. ಗಂಡ ಉಣ್ಣದೆ ಹೆಂಡತಿ ಉಣ್ಣಲಿಲ್ಲ. ಮಗ ಉಣ್ಣದೆ ತಾಯಿಗೆ ತುತ್ತು ಇಳಿಯಲಿಲ್ಲ. ಹಿತ್ತಲಿನಲ್ಲಿ ಗಿಡ ದಿನಾ ಬೆಳಿಗ್ಗೆ ಹೂವು ಬಿಡುತ್ತಿತ್ತು, ಒಳಗೆ ಮೂವರು ಅದೇ ಗಿಡದ ಹೆಸರಿನಲ್ಲಿ ಉಪವಾಸ ಕೂತಿದ್ದರು. ನಾಲ್ಕನೆಯ ದಿನ ಅವನು ತಟ್ಟೆ ಎಳೆದುಕೊಂಡ. ಅವತ್ತಿನಿಂದ ಆ ಮನೆಯಲ್ಲಿ ಯಾರೂ ಅವನೆದುರು ಹೂವಿನ ಮಾತೆತ್ತಲಿಲ್ಲ. ನಿಜ ಹೇಳಿದ್ದಕ್ಕೆ ಒಂದು ಸಲ ಹೊಟ್ಟೆಗಿಲ್ಲದೆ ಕೂತವರು ಎರಡನೆಯ ಸಲ ಯಾಕೆ ಹೇಳುತ್ತಾರೆ?

ಇನ್ನು ಅವನ ಪಾಡು ಕೇಳು. ದಿನಾ ಸಂಜೆ ದೀಪ ಹಿಡಿದು ಗಿಡದ ಮುಂದೆ ಕೂರುವನು. ವೀಳ್ಯದೆಲೆ ಆರಿಸುವ ಕೈ, ಎಲೆಯ ಹಿಂದು ಮುಂದು ತಿರುಗಿಸಿ ನೋಡುವನು. ಬರೀ ಸೊಪ್ಪು ಎಂದು ಹಲ್ಲು ಕಡಿಯುವನು. ಒಂದು ವಾರ ಬೇವಿನ ಹಿಂಡಿ, ಇನ್ನೊಂದು ವಾರ ಕುರಿಗೊಬ್ಬರ; ಬೆಳಗಾದರೆ ಅವೂ ಬಾಳೆಯ ಬುಡಕ್ಕೆ. ಯಾರದೋ ದೃಷ್ಟಿ ತಾಕಿದೆ ಎಂದು ಸುಣ್ಣದ ಬೊಟ್ಟಿಟ್ಟ ಗಡಿಗೆಯನ್ನು ಚಪ್ಪರದ ಗೂಟಕ್ಕೆ ಕವುಚಿದ. ಜೋಯಿಸರನ್ನು ಕರೆಸಿ ದಿಕ್ಕು ಕೇಳಿದ. ಅವರು ಒಂದು ದಿಕ್ಕು ಹೇಳಿದರು, ದಕ್ಷಿಣೆ ತೆಗೆದುಕೊಂಡು ಹೋದರು. ಕೊನೆಗೆ ಎಲೆ ತೋಟದ ಕಟ್ಟಳೆಯನ್ನೇ ಹಿತ್ತಲಿಗೂ ತಂದ. ಗಿಡಕ್ಕೆ ಬೇಲಿ ಹಾಕಿ, ಬೇಲಿಯೊಳಗೆ ಯಾರೂ ಹೋಗಕೂಡದು, ಅವ್ವನೂ ಅಷ್ಟೇ, ಹೂವು ಬಿಟ್ಟ ದಿನ ನಾನೇ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದ.

ಯಾರಿಗೋಸ್ಕರ ಗಿಡ ನೆಟ್ಟನೋ ಅವಳನ್ನೇ ಬೇಲಿಯ ಆಚೆ ನಿಲ್ಲಿಸಿದ! ತಾಯಿ ಹೂಂ ಅಂದಳು. ಅವನು ಬೆನ್ನು ತಿರುಗಿಸಿದ ಮೇಲೆ ಸೊಸೆ ಬೇಲಿಯ ಒಂದು ಗೂಟ ಕಿತ್ತು ಅತ್ತೆಗೆ ದಾರಿ ಮಾಡಿಕೊಡುತ್ತಿದ್ದಳು. ಸಂಜೆ ಗೂಟ ಮತ್ತೆ ತನ್ನ ಜಾಗದಲ್ಲಿ ಇರುತ್ತಿತ್ತು.

ಅವನಿಗೂ ಸಂಕಟವಿತ್ತು, ಇರಲಿಲ್ಲ ಅನ್ನಬೇಡ. ತಾಯಿ ಲೋಟ ಇಡುವಾಗ ನೆಲ ತಡಕುವುದನ್ನು ನೋಡುತ್ತಿದ್ದ. ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯುವುದನ್ನು ಕೇಳುತ್ತಿದ್ದ. ದಿನ ಕಳೆದುಹೋಗುತ್ತಿದೆ, ಈ ಹಾಳು ಗಿಡ ಕಣ್ಣು ಬಿಡುತ್ತಿಲ್ಲ ಎಂದು ಒಳಗೊಳಗೇ ಬೇಯುತ್ತಿದ್ದ. ಅವನು ಗಿಡವನ್ನು ಬೈಯುವುದು ಕೇಳಿಸಿದಾಗ ತಾಯಿ ಒಳಗಿನಿಂದ, "ಚೆನ್ನಾಗದೆ ಬುಡು ಮಗಾ," ಅನ್ನುವಳು. ಅದನ್ನು ಕೇಳಿ ಅವನಿಗೆ ಇನ್ನಷ್ಟು ಉರಿಯುತ್ತಿತ್ತು. ಕಣ್ಣು ಹೋಗುತ್ತಿರುವ ತಾಯಿ ತನಗೆ ಸಮಾಧಾನ ಹೇಳುವಂತಾಯಿತಲ್ಲ ಎಂದು. ಅವಳು ಹೇಳಿದ್ದು ಇದ್ದದ್ದನ್ನು. ಅವನಿಗೆ ಕೇಳಿಸಿದ್ದು ಸಮಾಧಾನ.

ಹೀಗೆ ಮೂರು ವರ್ಷ. ನಡುಬೇಸಿಗೆಯ ಎರಡು ತಿಂಗಳು ಬಿಟ್ಟರೆ ಗಿಡ ಹೂವು ಬಿಡದ ದಿನವಿಲ್ಲ. ಅವನು ಹೂವು ನೋಡಿದ ದಿನವಿಲ್ಲ.

ಮೂರನೆಯ ವರ್ಷ ಒಂದು ಸಂಜೆ ಅವನು ಬಂದಾಗ ತಾಯಿ ಗೋಡೆ ಹಿಡಿದುಕೊಂಡು ಬಾಗಿಲು ಹುಡುಕುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋದ. ಚಪ್ಪರ ಕಿತ್ತೆಸೆದ. ಬೇಲಿ ಮುರಿದ. ಗಿಡದ ಬುಡಕ್ಕೆ ಕೈಹಾಕಿ ಮಣ್ಣಿನ ಹೆಂಟೆ ಸಮೇತ ಎಳೆದು, ಹಿಂದಿನ ಗೋಡೆಯ ಆಚೆ ತಿಪ್ಪೆಗೆ ಎಸೆದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಗಲಾದರೂ ಕೂಗಿ ಹೇಳಬಾರದಿತ್ತೇ ಎಂದು ನನಗೂ ಅನ್ನಿಸುತ್ತದೆ. ಮೂರು ವರ್ಷ ಮುಚ್ಚಿದ ಬಾಯಿ ಒಂದು ಗಳಿಗೆಯಲ್ಲಿ ತೆರೆದುಕೊಳ್ಳಲಿಲ್ಲ.

ಮರುದಿನ ಅವನು ಸಂತೆಯಲ್ಲಿ ಮೊಗ್ಗು ತುಂಬಿದ ಒಂದು ಸೇವಂತಿಗೆ ಸಸಿ ಕೊಂಡ. ಯಾವುದೋ ಒಂದು ಹೂವಾದರೂ ತಾಯಿಯ ಕಣ್ಣಿಗೆ ಬೀಳಲಿ ಎಂದು. ಮಾರುವವನು, ಬಿಸಿಲು ಬಲಿಯುವ ಮೊದಲೇ ನೆಡಬೇಕು, ಸಂಜೆಯವರೆಗೆ ಇಟ್ಟುಕೊಂಡರೆ ಬಾಡುತ್ತದೆ ಎಂದ. ಆ ಸಸಿಯ ದೆಸೆಯಿಂದ ಅವನು ಜೀವಮಾನದಲ್ಲಿ ಮೊದಲ ಸಲ ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬಂದ. ಮೂರು ವರ್ಷ ಸಾಕಿದ ಗಿಡಕ್ಕಾಗಿ ಒಂದು ದಿನ ಬಂದವನಲ್ಲ.

ಮನೆಯಲ್ಲಿ ತಾಯಿ ಕಾಣಲಿಲ್ಲ. ಹಿತ್ತಲಿನಲ್ಲೂ ಇರಲಿಲ್ಲ. ಗೋಡೆಯ ಆಚೆಯಿಂದ ಸೊಸೆಯೊಂದಿಗೆ ಅವಳು ಮಾತಾಡುವುದು ಕೇಳಿಸಿತು. ಅವನು ಸುತ್ತಿ ಬಳಸಿ ಹೋದ. ತಾಯಿ ತಿಪ್ಪೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಅವಳ ಮುಂದೆ ಅವನು ಎಸೆದ ಗಿಡ ಮಗುಚಿ ಬಿದ್ದಿತ್ತು. ಅರ್ಧ ಬೇರು ಆಕಾಶಕ್ಕೆ. ಇನ್ನರ್ಧ ಹೆಂಟೆಯೊಳಗೆ. ಅದರ ಕಡ್ಡಿಗಳ ಮೇಲೆ ಏಳು ನೀಲಿ ಹೂವು ಅರಳಿದ್ದವು.

ಅವನು ಸಸಿಯನ್ನು ಕೆಳಗಿಟ್ಟ.

"ಇದ್ಯಾವಾಗ ಬುಟ್ತು?"

"ದಿನಾ ಬುಡ್ತದಲ್ಲ ಮಗಾ. ಮೂರು ವರ್ಸದಿಂದ."

"ಮೂರು ವರ್ಸದಿಂದ? ಯಾಕವ್ವಾ, ನಂಗ್ಯಾಕೆ ಹೇಳ್ಳಿಲ್ಲ?"

"ಏನಂತ ಹೇಳಾದು? ಯಾಕೆ ಬುಡ್ಲಿಲ್ಲ, ಯಾಕೆ ಬುಡ್ಲಿಲ್ಲ ಅಂತ ದಿನಾ ಕೂಗಾಡ್ದೆ. ಬುಟ್ಟದಾ ಅಂತ ಒಂದು ದಿನಾನಾರಾ ಕೇಳ್ದಾ?"

ನಾನಾಗಿದ್ದರೆ ಆ ಸೇವಂತಿಗೆಯನ್ನು ಅವನ ತಲೆಯ ಮೇಲೇ ನೆಡುತ್ತಿದ್ದೆ. ತಾಯಿ ಹಾಗೆ ಮಾಡಲಿಲ್ಲ. ಪಕ್ಕದಲ್ಲಿ ಜಾಗ ತೋರಿಸಿ ಕೂತುಕೋ ಎಂದಳು.

ಗಿಡವನ್ನು ಅವನು ಮತ್ತೆ ನೆಟ್ಟ. ಅದರ ತಾಯಿಬೇರು ಮುರಿದಿತ್ತು. ನಾಲ್ಕನೆಯ ದಿನಕ್ಕೆ ಒಣಗಿತು.

ಅವನು ಮೂರನೆಯ ಸಲ ಗಾಡಿ ಕಟ್ಟಿದ. ಈ ಸಲ ತಂದ ಗಿಡವನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಹೇಳಿದ ಕಡೆ ಮರಳು ಸುರಿದ, ಹೆಂಚಿನ ಚೂರು ಹಾಕಿದ. ಮತ್ತೆ ಅದರ ಗೊಡವೆಗೆ ಹೋಗಲಿಲ್ಲ. ತೋಟಕ್ಕೆ ಆಳನ್ನು ಮುಂದೆ ಕಳಿಸಿ, ಬಿಸಿಲು ಹಿತ್ತಲಿಗೆ ಬರುವವರೆಗೆ ತಾನು ಮನೆಯಲ್ಲೇ ಇರುತ್ತಿದ್ದ. ಆದರೆ ಗಿಡಕ್ಕೆ ಅವನ ಅವಸರ ತಿಳಿಯುತ್ತದೆಯೇ? ಅದು ಬೇರು ಬಿಡುವುದಕ್ಕೆ ತನ್ನ ಕಾಲ ತೆಗೆದುಕೊಂಡಿತು. ಅದು ಹೂವು ಬಿಡುವ ಹೊತ್ತಿಗೆ ತಾಯಿಗೆ ಹಗಲು ರಾತ್ರಿ ಒಂದೇ ಆಗಿತ್ತು.

ಎರಡು ಹೂವು ಬಿಟ್ಟ ಬೆಳಿಗ್ಗೆ ಅವನು ತಾಯಿಯ ಕೈಹಿಡಿದು ಕರೆತಂದು ಕೂರಿಸಿದ. ಅವಳ ಬೆರಳನ್ನು ಹಿಡಿದು ಹೂವಿಗೆ ತಾಗಿಸಿದ.

"ಎಷ್ಟದೆ?" ಎಂದಳು ತಾಯಿ.

"ಎರಡವ್ವಾ."

"ನೀನ್ ನೋಡ್ದಾ?"

"ನೋಡ್ದೆ."

"ಹಂಗಾರೆ ಸರಿ. ನಿನ್ನ ಹೂವ ಮೂರು ವರ್ಸ ನಾನೊಬ್ಳೇ ನೋಡ್ದೆ ಕಣಪ್ಪಾ. ಅದೊಂದೇ ಸಂಕ್ಟ ಇತ್ತು ನಂಗೆ," ಎಂದಳು.

ಅವನು ಅತ್ತನಂತೆ. ಅಳಲಿ.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ದಯ್ಯ ಕೈಮುಗಿದ.

"ತಿಳಿಯಿತು, ಬುದ್ಧಿ. ಅವನಿಗೆ ತಾಳ್ಮೆ ಸಾಲದಾಯಿತು. ನಾನು ಇನ್ನೊಂದು ವರ್ಷ ನೋಡುತ್ತೇನೆ."

ಗುರುಗಳು ಹಣೆ ಚಚ್ಚಿಕೊಂಡರು.

"ಮೂರು ವರ್ಷ ಒಂದು ಸಂಜೆ ತಪ್ಪಿಸದೆ ದೀಪ ಹಿಡಿದು ಕೂತವನಿಗೆ ತಾಳ್ಮೆ ಸಾಲದೆ? ನಾನು ಇಷ್ಟು ಹೊತ್ತು ಹೇಳಿದ್ದು ಗೋಡೆಗೋ ನಿನಗೋ? ಇನ್ನೊಂದು ವರ್ಷ ಏನು ನೋಡುತ್ತೀ? ದಿನಾ ಸಂಜೆ ಹೋಗಿ ಅದೇ ಮಾತು ಕೇಳುತ್ತೀ, ಅಷ್ಟೇ ತಾನೆ?"

ಗುರುಸಿದ್ದಯ್ಯನ ಮುಖ ಕೆಂಪಾಯಿತು. ಅವನೂ ಆರು ವರ್ಷ ಸಹಿಸಿದವನು. ತನ್ನ ನೋವನ್ನು ಗುರುಗಳು ಇಷ್ಟು ಹಗುರ ಮಾಡಿದ್ದು ಅವನಿಗೆ ಸರಿ ಕಾಣಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಅವರಿಗೆ ಎದುರು ಮಾತಾಡಿದ.

"ಕತೆ ಇಲ್ಲಿಗೆ ಹೊಂದುವುದಿಲ್ಲ, ಬುದ್ಧಿ. ಆ ಗಿಡ ಹೂವು ಬಿಡುವ ಗಿಡ, ಬಿಡುತ್ತಿತ್ತು. ಇವಳು ನಗುವ ಜಾತಿಯವಳೇ ಅಲ್ಲ. ನನಗಿಂತ ಚೆನ್ನಾಗಿ ಅವಳನ್ನು ಯಾರು ಬಲ್ಲರು? ಆರು ವರ್ಷ ಒಂದೇ ಸೂರಿನಡಿ ಇದ್ದೇನೆ."

ಗುರುಗಳ ಸಿಟ್ಟು ಇಳಿಯಿತು. ಅವರು ಮೆಲ್ಲಗೆ ಹೇಳಿದರು.

"ಗುರುಸಿದ್ದಯ್ಯ, ನಾನು ಭಿಕ್ಷೆಗೆ ನಿಮ್ಮ ಬೀದಿಗೆ ಬರುವುದು ಬೆಳಿಗ್ಗೆ ಹತ್ತು ಗಂಟೆಗೆ, ನಿನ್ನ ಹೆಂಡತಿಯ ನಗು ನನಗೆ ಬೀದಿಯ ತಿರುವಿನಲ್ಲೇ ಕೇಳಿಸುತ್ತದೆ."